ದಿ ಸಿಮ್ಸ್ 4: ಮನೆ ಕಟ್ಟುವುದಷ್ಟೇ ಇಷ್ಟವಾದರೆ ಆಟ ತಪ್ಪಿದಂತೆಯೇ?

ಮನೆ ಕಟ್ಟಿ, ಅದರಲ್ಲಿ ಪುಟ್ಟ ಮನುಷ್ಯರ ಸಂಸಾರ ನಡೆಸುವ ಕಂಪ್ಯೂಟರ್ ಆಟವಾದ ದಿ ಸಿಮ್ಸ್ 4 ಆಡಲು ತೊಡಗಿ ಕೆಲವು ತಿಂಗಳಾದರೂ ಮನೆ ಕಟ್ಟುವುದರಲ್ಲೇ ನಿಮ್ಮ ಹೊತ್ತೆಲ್ಲ ಕಳೆಯುತ್ತಿದೆ, ಕಟ್ಟಿದ ಮನೆಯಲ್ಲಿ ಒಂದು ಸಂಸಾರವನ್ನು ಇರಿಸಿ ಅರ್ಧ ಗಂಟೆ ಆಡಿಸುವಷ್ಟರಲ್ಲಿ ಬೇಸರವಾಗಿ ಮತ್ತೆ ಗೋಡೆ, ಕಿಟಕಿಗಳ ಕಡೆಗೇ ಮರಳುತ್ತೀರಿ ಎಂದು ಬರೆದಿದ್ದೀರಿ. ಇದು ಆಟವನ್ನು ತಪ್ಪಾಗಿ ಆಡಿದಂತೆಯೇ, ಉಳಿದವರು ಹೇಗೆ ಆಡುತ್ತಾರೆ, ಸಂಸಾರ ನಡೆಸುವ ಭಾಗದಲ್ಲಿ ರುಚಿ ಹುಟ್ಟಲು ಏನಾದರೂ ದಾರಿ ಇದೆಯೇ ಎಂದು ಕೇಳಿದ್ದೀರಿ. ಈ ಸರಣಿಯನ್ನು ಎರಡನೆಯ ಆಟದ ಕಾಲದಿಂದ ಆಡುತ್ತಾ ಬಂದವನಾಗಿ, ನನ್ನ ಆಟದ ರೀತಿ ಮೂರು ಬಾರಿ ಬದಲಾದುದನ್ನು ಕಂಡವನಾಗಿ, ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ತಪ್ಪಲ್ಲ. ಇದನ್ನು ನಿಮ್ಮ ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಈ ಆಟದ ಹುಟ್ಟೇ ಹಾಗಿದೆ. 1991ರ ಅಕ್ಟೋಬರಿನಲ್ಲಿ ಅಮೆರಿಕದ ಓಕ್ಲೆಂಡ್ ಗುಡ್ಡಗಳಲ್ಲಿ ಎದ್ದ ಕಾಳ್ಗಿಚ್ಚಿಗೆ ಈ ಆಟವನ್ನು ರೂಪಿಸಿದ ವಿಲ್ ರೈಟ್ ಅವರ ಮನೆ ಆಹುತಿಯಾಯಿತು. ಕಳೆದುಹೋದ ಸಾಮಾನುಗಳನ್ನು ಮತ್ತೆ ಒಂದೊಂದಾಗಿ ಕೊಳ್ಳಬೇಕಾಗಿ ಬಂದಾಗ, ಬದುಕಲು ನಿಜವಾಗಿ ಯಾವ ವಸ್ತು ಬೇಕು, ಯಾಕೆ ಬೇಕು ಎಂಬ ಯೋಚನೆ ಅವರನ್ನು ಹಿಡಿದುಕೊಂಡಿತು. ಆಗ ಅವರ ಮನಸ್ಸಿನಲ್ಲಿ ಮೊದಲು ರೂಪುಗೊಂಡದ್ದು ಮನೆ ಕಟ್ಟುವ ಆಟ. ಒಳಗೆ ಓಡಾಡುವ ಪುಟ್ಟ ಮನುಷ್ಯರು ಇದ್ದದ್ದು ಆ ಮನೆಯ ವಿನ್ಯಾಸ ವಾಸಕ್ಕೆ ಎಷ್ಟು ಒದಗುತ್ತದೆ ಎಂದು ಅಳೆಯುವುದಕ್ಕಾಗಿ ಮಾತ್ರ. ಆಟ ಬೆಳೆಯುತ್ತಾ ಹೋದಂತೆ ಆ ಮನುಷ್ಯರೇ ಮನೆಗಿಂತ ಹೆಚ್ಚು ಸ್ವಾರಸ್ಯಕರವಾಗಿ ಕಂಡರು, ಮತ್ತು 2000ದ ಫೆಬ್ರವರಿಯಲ್ಲಿ ಮ್ಯಾಕ್ಸಿಸ್ ಸಂಸ್ಥೆಯಿಂದ ಹೊರಬಂದ ದಿ ಸಿಮ್ಸ್ ಮನುಷ್ಯರ ಆಟವಾಗಿತ್ತು. ಹೀಗಾಗಿ ನೀವು ಆಡುತ್ತಿರುವುದು ಈ ಆಟದಲ್ಲಿ ಎಲ್ಲಕ್ಕಿಂತ ಮೊದಲು ಹುಟ್ಟಿದ ಭಾಗವನ್ನೇ. ಆದರೆ ಆ ಮೊದಲ ಕಲ್ಪನೆಯಲ್ಲೂ ಮನೆಯನ್ನು ಅಳೆಯುವವರು ಇದ್ದರು ಎಂಬುದನ್ನು ಗಮನಿಸಿ. ನಿಮ್ಮ ಬೇಸರಕ್ಕೆ ಪರಿಹಾರ ಅಲ್ಲೇ ಸಿಕ್ಕೀತು ಎಂದು ನನಗನ್ನಿಸುತ್ತದೆ; ಅದಕ್ಕೆ ಆಮೇಲೆ ಬರುತ್ತೇನೆ.

ಉಳಿದವರು ಹೇಗೆ ಆಡುತ್ತಾರೆ ಎಂಬುದನ್ನು ನಾಲ್ಕು ನಿರ್ಧಾರಗಳ ಮೂಲಕ ನೋಡುವುದು ನನ್ನ ಅಭ್ಯಾಸ. ಹಣ ದುಡಿದು ಬರಬೇಕೇ, ಆಟದ ನಿಯಮ ದಾಟಲು ಟೈಪ್ ಮಾಡುವ ಗುಟ್ಟಿನ ಪದವಾದ ಚೀಟ್‌ನಿಂದ ಬರಬೇಕೇ? ವಯಸ್ಸು ಏರಬೇಕೇ, ನಿಲ್ಲಬೇಕೇ? ಸಿಮ್‌ಗಳು (ಆಟದ ಪುಟ್ಟ ಮನುಷ್ಯರು) ತಮ್ಮಿಷ್ಟದಂತೆ ನಡೆದುಕೊಳ್ಳಬೇಕೇ, ಪ್ರತಿ ಹೆಜ್ಜೆಗೂ ನಮ್ಮ ಅಪ್ಪಣೆ ಬೇಕೇ? ಮತ್ತು ಕೆಟ್ಟದ್ದೇನಾದರೂ ನಡೆದಾಗ ಮೊದಲೇ ಉಳಿಸಿಟ್ಟ ಸ್ಥಿತಿಗೆ, ಅಂದರೆ ಹಳೆಯ ಸೇವ್‌ಗೆ ಹಿಂದಿರುಗಬೇಕೇ, ನಡೆದದ್ದನ್ನು ಹೊತ್ತುಕೊಂಡು ಮುಂದೆ ಹೋಗಬೇಕೇ? ಮೊದಲ ಮೂರನ್ನು ಆಟದೊಳಗೇ, ಸೆಟ್ಟಿಂಗ್ಸ್‌ನಲ್ಲೋ ಚೀಟ್‌ನಿಂದಲೋ, ತೀರ್ಮಾನಿಸಬಹುದು. ನಾಲ್ಕನೆಯದಕ್ಕೆ ಯಾವ ಗುಂಡಿಯೂ ಇಲ್ಲ, ಅದು ಆಡುವವರ ಮನಸ್ಸಿನಲ್ಲಷ್ಟೇ ಇರುತ್ತದೆ. ಆದರೂ ಒಬ್ಬರ ಆಟವನ್ನು ಇನ್ನೊಬ್ಬರ ಆಟದಿಂದ ಬೇರೆ ಮಾಡುವುದು ಮುಖ್ಯವಾಗಿ ಅದೇ ಎಂದು ಇಷ್ಟು ವರ್ಷಗಳ ನಂತರ ನಾನು ನಂಬಿದ್ದೇನೆ.

2004ರಲ್ಲಿ ಬಂದ ದಿ ಸಿಮ್ಸ್ 2 ನನ್ನ ಮೊದಲ ಆಟ. ಆಗ ನಾನು ಸಿಮ್‌ಗಳ ಸ್ವಂತ ಇಚ್ಛೆಯನ್ನು ಪೂರ್ತಿ ಆರಿಸಿ, ಪ್ರತಿಯೊಂದು ಕ್ರಿಯೆಯನ್ನೂ ನಾನೇ ಸಾಲಾಗಿ ಹೇಳಿ ಮಾಡಿಸುತ್ತಿದ್ದೆ. ಸಾಮಾನ್ಯ ವೇಗದಲ್ಲಿ ನಮ್ಮ ಒಂದು ಸೆಕೆಂಡು ಅವರ ಒಂದು ನಿಮಿಷ, ಅಂದರೆ ಅವರ ಇಡೀ ದಿನ ನಮ್ಮ 24 ನಿಮಿಷಗಳಲ್ಲಿ ಮುಗಿಯುತ್ತದೆ. ಆ 24 ನಿಮಿಷಗಳಲ್ಲಿ ಸ್ನಾನ, ಊಟ, ಓದು, ಗೆಳೆಯರಿಗೆ ಒಂದು ಕರೆ, ನಿದ್ದೆ ಎಲ್ಲವನ್ನೂ ಚೂರೂ ವ್ಯರ್ಥವಾಗದಂತೆ ಜೋಡಿಸುವುದರಲ್ಲಿ ನನಗೆ ನಿಜವಾದ ಸಂತೋಷವಿತ್ತು. ನನ್ನ ಸಿಮ್‌ಗಳು ಬೇಗ ಬಡ್ತಿ ಪಡೆದರು, ಅವರ ಮಕ್ಕಳು ಒಳ್ಳೆಯ ಅಂಕ ತಂದರು. ಆದರೆ ಐದಾರು ಸಂಸಾರಗಳಾದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೆಸರು, ಕೂದಲು, ಮನೆ ಎಲ್ಲವೂ ಬೇರೆಯಾಗಿದ್ದರೂ ಎಲ್ಲರ ಬದುಕೂ ಒಂದೇ ಆಗಿತ್ತು, ಏಕೆಂದರೆ ಎಲ್ಲರ ಒಳಗೂ ಕುಳಿತು ನಿರ್ಧರಿಸುತ್ತಿದ್ದವನು ನಾನೊಬ್ಬನೇ. ನೀವು ಹೇಳಿದ ಅರ್ಧ ಗಂಟೆಯ ಬೇಸರದ ಹಿಂದೆಯೂ ಬಹುಶಃ ಇದೇ ಇರಬಹುದು. ಮುಂದೇನಾಗುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ನೋಡಲು ಏನು ಉಳಿಯುತ್ತದೆ?

ಅದು ಬದಲಾದದ್ದು ದಿ ಸಿಮ್ಸ್ 4ರಲ್ಲಿ ನಡೆದ ಒಂದು ಬೆಂಕಿಯಿಂದ. ಅಕ್ಕ, ತಮ್ಮ ಇಬ್ಬರೇ ಇದ್ದ ಒಂದು ಮನೆ. ತಮ್ಮನಿಗೆ ಅಡುಗೆಯ ಕೌಶಲ ಏನೇನೂ ಇರಲಿಲ್ಲ, ಒಲೆಯಂತೂ ನಾನು ಹಣ ಉಳಿಸಲೆಂದು ತಂದಿಟ್ಟ ಅತಿ ಅಗ್ಗದ್ದು. ನಾನು ಅಕ್ಕನ ಕೆಲಸದ ಕಡೆ ಗಮನ ಕೊಟ್ಟಿದ್ದಾಗ ಅವನು ತಾನಾಗಿಯೇ ಅಡುಗೆಗೆ ನಿಂತ, ಬೆಂಕಿ ಎದ್ದಿತು, ಆರಿಸಲು ಬಂದ ಅಕ್ಕ ಉಳಿಯಲಿಲ್ಲ. ಒಂದು ಗಂಟೆಯ ಹಿಂದಿನ ಸೇವ್ ನನ್ನ ಬಳಿ ಇತ್ತು. ಹಿಂದೆ ಇಂಥ ಸಂದರ್ಭದಲ್ಲಿ ಯೋಚಿಸದೆ ಅದನ್ನು ತೆರೆಯುತ್ತಿದ್ದವನು, ಆ ದಿನ ಯಾಕೋ ಸುಮ್ಮನೆ ಪರದೆಯನ್ನು ನೋಡುತ್ತಾ ಕುಳಿತೆ. ನಾನು ಏನೂ ಹೇಳದಿದ್ದರೂ ತಮ್ಮ ಮತ್ತೆ ಮತ್ತೆ ಅಸ್ಥಿಕಲಶದ ಮುಂದೆ ಹೋಗಿ ನಿಂತು ಅಳುತ್ತಿದ್ದ. ಕೆಲಸಕ್ಕೆ ಹೋಗಿ ಬಂದು ಮತ್ತೆ ಅಲ್ಲಿಗೇ ಹೋಗುತ್ತಿದ್ದ. ಒಂದು ರಾತ್ರಿ ಅಕ್ಕ ಪ್ರೇತವಾಗಿ ಅಡುಗೆಮನೆಯಲ್ಲೇ ಕಾಣಿಸಿಕೊಂಡಳು. ದುಃಖ, ಪ್ರೇತ ಎಲ್ಲವೂ ಆಟ ಮೊದಲೇ ಬರೆದಿಟ್ಟ ನಿಯಮಗಳ ಪ್ರಕಾರವೇ ನಡೆಯುತ್ತವೆ ಎಂಬುದು ನನಗೆ ಗೊತ್ತು. ಆದರೂ ಆ ಮನೆ ನನ್ನ ಉಳಿದ ಯಾವ ಮನೆಯಂತೆಯೂ ಇರಲಿಲ್ಲ. ಅದಕ್ಕೊಂದು ಗತಕಾಲ ಬಂದಿತ್ತು. ಅಂದಿನಿಂದ ಆಟದ ತಾಂತ್ರಿಕ ದೋಷದಿಂದ ಕೆಟ್ಟದ್ದನ್ನು ಬಿಟ್ಟರೆ ಬೇರೆ ಯಾವುದಕ್ಕೂ ನಾನು ಹಿಂದಿನ ಸೇವ್ ತೆರೆಯುವುದಿಲ್ಲ.

ಈಗ ನಾನು ಆಡುವುದು ಸರದಿಯ ಆಟ. ಆಟಗಾರರು ಇದನ್ನು ರೊಟೇಶನಲ್ ಎನ್ನುತ್ತಾರೆ. ಒಂದು ಊರಿನಲ್ಲಿ ನನ್ನ ಏಳು ಸಂಸಾರಗಳಿವೆ. ಪ್ರತಿಯೊಂದನ್ನೂ ಅವರ ಒಂದು ವಾರದಷ್ಟು ಕಾಲ ಆಡಿ, ಮುಂದಿನ ಮನೆಗೆ ಹೋಗಿ, ಏಳೂ ಮುಗಿದ ಮೇಲೆ ಮತ್ತೆ ಮೊದಲನೆಯದಕ್ಕೆ ಬರುತ್ತೇನೆ. ಒಂದು ವಾರವೆಂದರೆ ಸಾಮಾನ್ಯ ವೇಗದಲ್ಲಿ 168 ನಿಮಿಷ. ಅವರು ನಿದ್ದೆ ಮಾಡುವಾಗ, ಕೆಲಸಕ್ಕೆ ಹೋದಾಗ ವೇಗ ಹೆಚ್ಚಿಸುವುದರಿಂದ ನಿಜವಾಗಿ ಹಿಡಿಯುವ ಹೊತ್ತು ಅದಕ್ಕಿಂತ ಕಡಿಮೆ. ಈ ಸರದಿಯ ಆಟ ಸರಣಿಯ ಒಂದೊಂದು ಆವೃತ್ತಿಯಲ್ಲಿ ಒಂದೊಂದು ಬಗೆಯಾಗಿತ್ತು. ದಿ ಸಿಮ್ಸ್ 2ರಲ್ಲಿ ಪ್ರತಿ ಮನೆಗೂ ಅದರದೇ ಕಾಲ. ನಾವು ಆಡದ ಮನೆಯವರು ಇದ್ದಲ್ಲೇ ಇರುತ್ತಿದ್ದರು, ಒಬ್ಬ ಹುಡುಗ ಮುದುಕನಾಗುವಷ್ಟು ಆಡಿದರೂ ಅವನ ಸಹಪಾಠಿ ಪಕ್ಕದ ಮನೆಯಲ್ಲಿ ಇನ್ನೂ ಶಾಲೆಗೆ ಹೋಗುತ್ತಿದ್ದ. 2009ರ ದಿ ಸಿಮ್ಸ್ 3ರಲ್ಲಿ ಇಡೀ ಊರು ಒಂದೇ ಕಾಲದಲ್ಲಿ ಚಲಿಸತೊಡಗಿತು. ನಾವು ನೋಡದಿದ್ದಾಗಲೂ ನೆರೆಯವರು ಮದುವೆಯಾಗುತ್ತಿದ್ದರು, ಊರು ಬಿಡುತ್ತಿದ್ದರು. ಒಂದೇ ಸಂಸಾರವನ್ನು ಹಿಡಿದು ಆಡುವವರಿಗೆ ಅದು ದೊಡ್ಡ ವರವಾಯಿತು. ಸರದಿಯ ಆಟಗಾರರಿಗೆ ಮಾತ್ರ, ತಾವು ಜೋಪಾನ ಮಾಡಿದ ಮನೆಗೆ ಮರಳಿದಾಗ ಅಲ್ಲಿ ಯಾರೋ ಇಲ್ಲವಾಗಿರುವ ಕಷ್ಟ ಎದುರಾಯಿತು. 2014ರ ದಿ ಸಿಮ್ಸ್ 4ರಲ್ಲಿ, ಸದ್ಯ ಆಡುತ್ತಿರುವ ಸಂಸಾರದವರಿಗೆ ಮಾತ್ರ ವಯಸ್ಸಾಗಲಿ ಎಂದು ಸೆಟ್ಟಿಂಗ್ಸ್‌ನಲ್ಲಿ ಆರಿಸಬಹುದು. ನೆರೆಹೊರೆಯವರ ಬದುಕು ತಾನಾಗಿ ಬದಲಾಗುವ ವ್ಯವಸ್ಥೆ ಆಮೇಲೆ ಬಂದಿತಾದರೂ ಅದನ್ನು ಮನೆಮನೆಗೂ ಬೇರೆಬೇರೆಯಾಗಿ ನಿಲ್ಲಿಸುವ ಅವಕಾಶ ಕೊಟ್ಟಿದ್ದಾರೆ. ನನಗೆ ಈ ಏರ್ಪಾಡು ಎಲ್ಲಕ್ಕಿಂತ ಹಿಡಿಸಿದೆ.

ಸಿಮ್‌ಗಳ ಇಚ್ಛೆಯ ವಿಷಯದಲ್ಲಿ ನನ್ನ ಕಟ್ಟಳೆ ಇಷ್ಟೇ: ಉದ್ಯೋಗ, ಮದುವೆ, ಮನೆ ಬದಲಾವಣೆ ಈ ಮೂರನ್ನು ನಾನು ನಿರ್ಧರಿಸುತ್ತೇನೆ, ಉಳಿದದ್ದು ಅವರಿಗೆ ಬಿಟ್ಟದ್ದು. ವಯಸ್ಕ ಸಿಮ್ ಒಬ್ಬರಿಗೆ ನಾವು ಕೊಡುವ ಮೂರು ಸ್ವಭಾವಗಳು ಬರಿಯ ಅಲಂಕಾರವಲ್ಲ ಎಂಬುದು ಹೀಗೆ ಬಿಟ್ಟಾಗಲೇ ತಿಳಿಯುತ್ತದೆ. ಏಕಾಂತಪ್ರಿಯನಾದ ಒಬ್ಬನಿಗೆ ನಾನು ಜನರೆಂದರೆ ಪ್ರಾಣ ಬಿಡುವವಳೊಬ್ಬಳನ್ನು ಮದುವೆ ಮಾಡಿಸಿದೆ. ಅವಳು ಕರೆದ ನೆಂಟರು ಮನೆ ತುಂಬಿದಾಗಲೆಲ್ಲ ಅವನು ತಟ್ಟೆ ಹಿಡಿದುಕೊಂಡು ಹೋಗಿ ಮೇಲಿನ ಕೋಣೆಯಲ್ಲಿ ಊಟ ಮಾಡುತ್ತಿದ್ದ. ಈ ಆಟದ ಸಿಮ್‌ಗಳಿಗೆ ತಟ್ಟೆ ಹೊತ್ತು ಎಲ್ಲೆಲ್ಲೋ ಹೋಗುವ ಚಾಳಿ ಮೊದಲಿನಿಂದ ಇದೆ, ಆದ್ದರಿಂದ ಅದರಲ್ಲಿ ಸ್ವಭಾವದ ಪಾಲೆಷ್ಟು, ಚಾಳಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಆದರೆ ಅದನ್ನು ಕಂಡ ಮೇಲೆ ನಾನು ಅವನಿಗಾಗಿ ಮಾಳಿಗೆಯ ಮೇಲೆ ಒಂದು ಪುಟ್ಟ ಓದುಕೋಣೆಯನ್ನು ಕಟ್ಟಿಸಿದೆ. ನಾನು ಕಟ್ಟಿದ ಕೋಣೆಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಅದೇ.

ಬೇರೆ ರೀತಿಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಚಿತ್ರಗಳನ್ನು ತೆಗೆದು ಕಥೆ ಕಟ್ಟುವವರು ಇದ್ದಾರೆ. ಅವರಿಗೆ ಆಟವೇ ರಂಗಭೂಮಿ, ಅವರು ಚೀಟ್ ಬಳಸಿದರೆ ಅದು ರಂಗಸಜ್ಜಿಕೆಯಷ್ಟೇ. ಈಜುಕೊಳದ ಏಣಿ ತೆಗೆದು ಏನಾಗುತ್ತದೆ ನೋಡುವವರು ಮೊದಲ ಆಟದ ಕಾಲದಿಂದ ಇದ್ದಾರೆ. ದಿ ಸಿಮ್ಸ್ 4ರಲ್ಲಿ ಸಿಮ್‌ಗಳು ಅಂಚು ಹತ್ತಿ ಹೊರಬರುವುದರಿಂದ ಆ ಉಪಾಯ ನಡೆಯುವುದಿಲ್ಲ. ಒಬ್ಬ ಸಿಮ್‌ಗೆ ನೂರು ಮಕ್ಕಳಾಗುವವರೆಗೆ ಆಡುವ ಪಂಥವೊಂದು ಬಹಳ ಜನಪ್ರಿಯವಾಗಿದೆ, ಆದರೆ ಅದರಲ್ಲಿ ಮಕ್ಕಳು ಬರಿಯ ಎಣಿಕೆಯಾಗಿಬಿಡುವುದರಿಂದ ನಾನು ಮುಂದುವರಿಸಲಾರದೆ ಬಿಟ್ಟೆ. ಲೆಗಸಿ ಚಾಲೆಂಜ್ ಎಂಬುದನ್ನು ಮಾತ್ರ ನಿಮಗೆ ವಿಶೇಷವಾಗಿ ಹೇಳಬೇಕು. ಖಾಲಿ ನಿವೇಶನದಲ್ಲಿ ಒಬ್ಬ ಮೂಲಪುರುಷನೋ ಮೂಲಸ್ತ್ರೀಯೋ ಕೈಯಲ್ಲಿ ಹೆಚ್ಚು ಹಣವಿಲ್ಲದೆ ಬದುಕು ತೊಡಗಿ, ಹಣದ ಚೀಟ್ ಮುಟ್ಟದೆ, ಅದೇ ಜಾಗದಲ್ಲಿ ಹತ್ತು ತಲೆಮಾರುಗಳವರೆಗೆ ವಂಶವನ್ನು ಬೆಳೆಸಬೇಕು. ಮನೆ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಪಂಥ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂದು ಕೋಣೆಯಿಂದ ತೊಡಗುವ ಮನೆ ವಂಶದ ಜೊತೆಜೊತೆಗೇ ಬೆಳೆಯುತ್ತದೆ. ಮೂರನೆಯ ತಲೆಮಾರಿನವರು ಸೇರಿಸಿದ ಮಹಡಿಗೆ ಮೊದಲ ತಲೆಮಾರಿನವರ ಇಕ್ಕಟ್ಟಾದ ಅಡುಗೆಮನೆಯ ಗೋಡೆಯೇ ಆಧಾರವಾಗಿ ನಿಂತಿರುತ್ತದೆ.

ಆದರೆ ಹತ್ತು ತಲೆಮಾರು ದೂರದ ಮಾತು. ಈ ವಾರವೇ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇನೆ. ನೀವು ಕಟ್ಟಿದ ಮನೆಗಳಲ್ಲಿ ನಿಮಗೆ ಹೆಚ್ಚು ಹೆಮ್ಮೆ ತಂದದ್ದನ್ನು ಆರಿಸಿ, ಅದರಲ್ಲಿ ಮೂವರು ಇರುವ ಸಂಸಾರವನ್ನು ಇರಿಸಿ, ಅವರ ಏಳು ದಿನ ಅವರಿಗೆ ಯಾವ ಅಪ್ಪಣೆಯನ್ನೂ ಕೊಡದೆ ನೋಡಿ. ಅವರ ಬದುಕನ್ನು ಬದಿಗಿಟ್ಟು ನಿಮ್ಮ ಮನೆಯನ್ನೇ ನೋಡಿ. ಫ್ರಿಜ್‌ನಿಂದ ಒಲೆಗೆ, ಒಲೆಯಿಂದ ಮೇಜಿಗೆ ಎಷ್ಟು ಹೆಜ್ಜೆ ಹಾಕುತ್ತಾರೆ, ಬೆಳಿಗ್ಗೆ ಸ್ನಾನದ ಕೋಣೆಯ ಮುಂದೆ ಎಷ್ಟು ಹೊತ್ತು ಕಾಯುತ್ತಾರೆ, ಯಾವ ಕೋಣೆಗೆ ಇಡೀ ವಾರ ಯಾರೂ ಕಾಲಿಡಲಿಲ್ಲ ಎಂಬುದನ್ನು ಬರೆದುಕೊಳ್ಳಿ. ವಸ್ತುಗಳನ್ನು ಒಂದರ ಮೇಲೊಂದು ಒತ್ತಿ ಇಡಲು ಮೂವ್‌ಆಬ್ಜೆಕ್ಟ್ಸ್ ಚೀಟ್ ಬಳಸಿದ್ದರೆ ಅದರ ಫಲವೂ ಆಗ ಕಾಣುತ್ತದೆ. ಕುರ್ಚಿ ಹಿಂದಕ್ಕೆ ಸರಿಯಲು ಜಾಗವಿಲ್ಲದಿದ್ದರೆ, ಹಾಸಿಗೆಯ ಪಕ್ಕ ನಿಲ್ಲಲು ಒಂದು ಚೌಕವಾದರೂ ಖಾಲಿ ಇಲ್ಲದಿದ್ದರೆ, ಸಿಮ್ ಅಲ್ಲೇ ನಿಂತು ಕೈ ಬೀಸಿ ದೂರುತ್ತಾರೆ. ನನ್ನ ಬಹು ಚೆಂದದ ಊಟದ ಮನೆಯೊಂದರಲ್ಲಿ ಎಂಟು ಕುರ್ಚಿಗಳಲ್ಲಿ ಐದಕ್ಕೆ ದಾರಿಯೇ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಹೀಗೆ.

ವಾರ ಮುಗಿದ ಮೇಲೆ ಮನೆಯನ್ನು ತಿದ್ದಿ, ಆದರೆ ಆ ಸಂಸಾರ ದುಡಿದ ಹಣದಿಂದ ಮಾತ್ರ ತಿದ್ದಿ. ಒಂದೇ ಬಾರಿಗೆ 50,000 ಸಿಮೋಲಿಯನ್ (ಆಟದೊಳಗಿನ ಹಣ) ಕೊಡುವ ಮದರ್‌ಲೋಡ್ ಚೀಟನ್ನು ದೂರ ಇಡಿ. ಒಬ್ಬಂಟಿ ಸಿಮ್‌ಗೆ ಆಟ ಮೊದಲಿಗೆ ಕೊಡುವುದು 20,000. ಅದರ ಮುಂದೆ ಮದರ್‌ಲೋಡ್ ಎಷ್ಟು ದೊಡ್ಡ ಮೊತ್ತ, ಅದನ್ನು ಪಡೆದ ಸಂಸಾರಕ್ಕೆ ದುಡಿಯುವ ಕಾರಣವೇ ಹೇಗೆ ಇಲ್ಲವಾಗುತ್ತದೆ ಎಂಬುದು ನಿಮಗೇ ಕಾಣುತ್ತದೆ. ಒಂದು ಕಿಟಕಿಗಾಗಿ ಮೂರು ದಿನ ಕಾದಾಗ ಆ ಕಿಟಕಿಯನ್ನು ಎಲ್ಲಿ ಇಡಬೇಕೆಂದು ನಾವು ಬೇರೆಯೇ ರೀತಿಯಲ್ಲಿ ಯೋಚಿಸುತ್ತೇವೆ. ಆಮೇಲೆ ಒಂದು ಮಗು ಬರಲಿ. 2017ರ ಜನವರಿಯಲ್ಲಿ ನಡೆದಾಡುವ ಪುಟಾಣಿಗಳನ್ನೂ 2023ರ ಮಾರ್ಚಿನಲ್ಲಿ ಹಸುಗೂಸುಗಳ ಹಂತವನ್ನೂ ಎಲ್ಲರಿಗೂ ಉಚಿತವಾಗಿ ಸೇರಿಸಿದ ಮೇಲೆ, ಮಗುವೊಂದು ಬೆಳೆಯುವಾಗ ಮನೆ ಹಂತಹಂತವಾಗಿ ಬದಲಾಗಲೇಬೇಕಾಗಿದೆ. ತೊಟ್ಟಿಲಿದ್ದ ಮೂಲೆಯಲ್ಲಿ ಪುಟ್ಟ ಹಾಸಿಗೆ, ಆಮೇಲೆ ಓದುವ ಮೇಜು, ಆಮೇಲೆ ಬಾಗಿಲು ಹಾಕಿಕೊಳ್ಳಲು ಒಂದು ಪ್ರತ್ಯೇಕ ಕೋಣೆ. ಗೋಡೆ ಎಲ್ಲಿಗೆ ಸರಿಯಬೇಕೆಂಬುದನ್ನು ಆಗ ನಿಮ್ಮ ಜೊತೆ ಅವರೂ ತೀರ್ಮಾನಿಸುತ್ತಾರೆ.

ಮೊದಲ ದಿನ ಸೆಟ್ಟಿಂಗ್ಸ್ ಹೇಗಿರಬೇಕೆಂದು ಕೇಳುವುದಾದರೆ: ಆಯುಷ್ಯವನ್ನು ದೀರ್ಘಕ್ಕೆ ಇಡಿ, ವಯಸ್ಸು ಸದ್ಯ ಆಡುವ ಸಂಸಾರಕ್ಕೆ ಮಾತ್ರ ಏರಲಿ, ನೆರೆಹೊರೆಯ ತಾನಾಗಿಯೇ ಆಗುವ ಬದಲಾವಣೆಗಳು ನಿಂತಿರಲಿ, ಸ್ವಂತ ಇಚ್ಛೆ ಪೂರ್ತಿ ತೆರೆದಿರಲಿ, ನೀವು ಆರಿಸಿದ ಸಿಮ್‌ಗೂ ಸಹ. ಒಂದು ಸಂಸಾರದಲ್ಲಿ ಎಂಟು ಜನರವರೆಗೆ ಇರಬಹುದಾದರೂ ಮೂವರಿಂದ ತೊಡಗಿ. ಮೂವರಾದರೆ ಪ್ರತಿಯೊಬ್ಬರೂ ಯಾವ ಕೋಣೆಗೆ ಯಾಕೆ ಹೋದರು ಎಂಬುದನ್ನು ಗಮನಿಸಲು ನಿಮಗೆ ಪುರಸೊತ್ತು ಸಿಗುತ್ತದೆ. ಒಲೆಯ ಪಕ್ಕದಲ್ಲಿ ಪರದೆ, ಕಪಾಟು ಇದ್ದರೆ ಮಾತ್ರ ಅವರನ್ನು ಒಳಗೆ ಬಿಡುವ ಮುನ್ನವೇ ಅವನ್ನು ಬೇರೆಡೆಗೆ ಸರಿಸಿಬಿಡಿ.