ಮೋಟಾರ್‌ಗೆ ಸಿಇ ಇದೆ, ರೋಸ್ಟರ್‌ಗೂ ಬೇಕಾ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿಯಿಂದ ಶುರು ಮಾಡಿ ಈಗ ಕಾಫಿ ಬೀಜ ಹುರಿಯುವ ಸಣ್ಣ ಎಲೆಕ್ಟ್ರಿಕ್ ರೋಸ್ಟರ್ ತಯಾರಿಸುತ್ತಿದ್ದೇವೆ. ಎಸ್ಟೇಟ್ ನೋಡಲು ಬಂದಿದ್ದ ಜರ್ಮನಿಯವರೊಬ್ಬರು ತಮ್ಮ ಕೆಫೆಗಳಿಗೆ ನಾಲ್ಕು ಮೆಷಿನ್ ಕೇಳಿದ್ದಾರೆ. ಸಿಇ ಮಾರ್ಕ್ ಇರಲೇಬೇಕಂತೆ. ಮೋಟಾರ್, ಹೀಟರ್, ಕಂಟ್ರೋಲರ್ ಎಲ್ಲದರ ಮೇಲೂ ಸಿಇ ಇದೆ. ಅಷ್ಟು ಸಾಕಲ್ವಾ? ಕನ್ಸಲ್ಟೆಂಟ್ ಒಬ್ಬರು ಒಂದೇ ವಾರದಲ್ಲಿ ಸಿಇ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ದುಡ್ಡು ಕೊಡಬಹುದಾ?

ಉತ್ತರ: ಸಾಕಾಗುವುದಿಲ್ಲ. ಸಿಇ ಅಂದರೆ, ಈ ಸಾಮಾನು ಯುರೋಪಿನ ಸುರಕ್ಷತಾ ನಿಯಮಗಳಿಗೆ ತಕ್ಕಂತಿದೆ ಅಂತ ತಯಾರಕರೇ ಹೇಳುವ ಗುರುತು. ನೀವು ಹೇಳಿದ ಗುರುತುಗಳು ಆಯಾ ಬಿಡಿಭಾಗದ್ದು. ಒಳ್ಳೆಯ ಇಟ್ಟಿಗೆ ತರಿಸಿದ್ದೇವೆ ಅಂದ ಮಾತ್ರಕ್ಕೆ ಮನೆ ಗಟ್ಟಿ ಅಂತ ಹೇಳಕ್ಕಾಗುತ್ತಾ? ಎಲ್ಲವನ್ನೂ ಜೋಡಿಸಿ ಒಂದು ಯಂತ್ರ ಮಾಡಿದವರು ನೀವು. ಹಾಗಾಗಿ ಆ ಯಂತ್ರದ ಸಿಇ ಗುರುತನ್ನು ಹಾಕಬೇಕಾದವರೂ ನೀವೇ. ಖರೀದಿದಾರರಲ್ಲ, ಕನ್ಸಲ್ಟೆಂಟ್ ಅಲ್ಲ, ಸರ್ಕಾರವಂತೂ ಅಲ್ಲ.

ದುಡ್ಡಿನ ವಿಷಯ ಮೊದಲು ಮುಗಿಸೋಣ. ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಿಕ್ ರೋಸ್ಟರ್ ಯುರೋಪಿನ ಯಂತ್ರ ನಿರ್ದೇಶನ 2006/42/ಇಸಿ ಅಡಿ ಬರುತ್ತದೆ. ಅದರ 4ನೇ ಅನುಬಂಧದಲ್ಲಿ ಹೆಚ್ಚು ಅಪಾಯದ ಯಂತ್ರಗಳ ಪಟ್ಟಿ ಇದೆ. ಮರ ಕೊಯ್ಯುವ ಗರಗಸ, ಕೆಲವು ಬಗೆಯ ಪ್ರೆಸ್, ಹೀಗೆ. ರೋಸ್ಟರ್ ಅದರಲ್ಲಿಲ್ಲ. ಆದ್ದರಿಂದ ಹೊರಗಿನವರ ಸರ್ಟಿಫಿಕೇಟ್ ಕಡ್ಡಾಯವಲ್ಲ. ನೀವೇ ಪರೀಕ್ಷಿಸಿ, ಯಂತ್ರ ನಿಯಮಕ್ಕೆ ತಕ್ಕಂತಿದೆ ಅಂತ ನೀವೇ ಸಹಿ ಹಾಕಿ ಘೋಷಿಸಬಹುದು. ಮೆಷಿನ್ ಕಣ್ಣಲ್ಲೂ ನೋಡದೆ ವಾರದಲ್ಲಿ ಬರುವ ಚಂದದ ಕಾಗದ ಗೋಡೆಗೆ ಹಾಕಲು ಚೆನ್ನಾಗಿರುತ್ತದೆ, ಅಷ್ಟೇ. ಆ ದುಡ್ಡನ್ನು ಬೆಂಗಳೂರಿನ, ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಒಂದು ಲ್ಯಾಬ್‌ಗೆ ಕೊಟ್ಟು ಎಲೆಕ್ಟ್ರಿಕಲ್ ಮತ್ತು ಇಎಂಸಿ (ವಿದ್ಯುತ್ಕಾಂತೀಯ ಅಡಚಣೆ) ಟೆಸ್ಟ್ ಮಾಡಿಸಿ. ನಿಮ್ಮದು ಗ್ಯಾಸ್ ಬರ್ನರ್ ಆಗಿದ್ದರೆ ಲೆಕ್ಕವೇ ಬೇರೆ. ಅಲ್ಲಿ ನೋಟಿಫೈಡ್ ಬಾಡಿ, ಅಂದರೆ ಯುರೋಪ್ ಅಧಿಕೃತವಾಗಿ ಗುರುತಿಸಿದ ತಪಾಸಣಾ ಸಂಸ್ಥೆ, ಬೇಕಾಗಬಹುದು.

ನೀವೇ ಘೋಷಿಸಬಹುದು ಅಂದರೆ ಸುಮ್ನೆ ಸ್ಟಿಕ್ಕರ್ ಅಂಟಿಸಬಹುದು ಅಂತಲ್ಲ. ಮೊದಲ ಕೆಲಸ ಅಪಾಯದ ಅಂದಾಜು. ಐಎಸ್‌ಒ 12100 ಮಾನಕ ಇದರ ದಾರಿ ತೋರಿಸುತ್ತದೆ. ಮೆಷಿನ್ ಮುಂದೆ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಕೈ ಎಲ್ಲಿ ಸಿಕ್ಕಿಬೀಳುತ್ತದೆ, ಎಲ್ಲಿ ಸುಡುತ್ತದೆ, ಎಲ್ಲಿ ಶಾಕ್ ಹೊಡೆಯಬಹುದು, ಎಲ್ಲವನ್ನೂ ಬರೆಯಿರಿ. ಪ್ರತಿಯೊಂದಕ್ಕೂ ಏನು ಮಾಡಿದ್ದೀರಿ ಅಂತ ಪಕ್ಕದಲ್ಲೇ ಬರೆಯಿರಿ. ಸಾಧ್ಯವಾದರೆ ಅಪಾಯವನ್ನು ಡಿಸೈನ್‌ನಲ್ಲೇ ತೆಗೆಯಬೇಕು. ಆಗದಿದ್ದರೆ ಗಾರ್ಡ್. ಅದೂ ಆಗದಿದ್ದಾಗ ಮಾತ್ರ ಎಚ್ಚರಿಕೆ ಫಲಕ. ನಮ್ಮಲ್ಲಿ ಇದು ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ಮೊದಲೇ ಬೋರ್ಡ್ ಬರೆಸಿಬಿಡುತ್ತೇವೆ.

ಎರಡು ಉದಾಹರಣೆ ಕೊಡುತ್ತೇನೆ. ಮೊದಲನೆಯದು ಸ್ವಿಚ್. ಮಲೆನಾಡಿನಲ್ಲಿ ಮಳೆ ಶುರುವಾದರೆ ಕರೆಂಟ್ ಹೋಗುವುದು ಬರುವುದು ಇದ್ದದ್ದೇ. ನೀವು ಬರೀ ರೋಟರಿ ಸ್ವಿಚ್ ಕೊಟ್ಟಿದ್ದರೆ ಕರೆಂಟ್ ಬಂದ ಕೂಡಲೇ ಡ್ರಮ್ ತಾನಾಗಿಯೇ ತಿರುಗುತ್ತದೆ. ಆ ಹೊತ್ತಿಗೆ ಯಾರಾದರೂ ಒಳಗೆ ಕೈ ಹಾಕಿ ಸಿಕ್ಕಿಕೊಂಡ ಬೀಜ ತೆಗೆಯುತ್ತಿದ್ದರೆ? ಯುರೋಪಿನ ನಿಯಮ ಇದನ್ನು ಒಪ್ಪುವುದಿಲ್ಲ. ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ಕೆಲಸ ಮಾಡುವ ಸ್ವಿಚ್) ಇರುವ ಸ್ಟಾರ್ಟರ್ ಹಾಕಿ. ಕರೆಂಟ್ ಹೋದಾಗ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಬಟನ್ ಒತ್ತಿದರಷ್ಟೇ ಶುರುವಾಗುತ್ತದೆ.

ಎರಡನೆಯದು ಚೈನ್ ಗಾರ್ಡ್. ಅದನ್ನು ಸ್ಪ್ಯಾನರ್ ಇಲ್ಲದೆ ಬಿಚ್ಚಲು ಬರಬಾರದು. ಬಿಚ್ಚಿದಾಗಲೂ ಬೋಲ್ಟ್‌ಗಳು ಗಾರ್ಡ್‌ಗೋ ಮೆಷಿನ್‌ಗೋ ಅಂಟಿಕೊಂಡೇ ಇರಬೇಕು, ಕೆಳಗೆ ಬೀಳಬಾರದು. ಯಾಕೆ ಅಂತ ನಿಮಗೇ ಗೊತ್ತು. ಬಿದ್ದ ಬೋಲ್ಟ್ ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಗಾರ್ಡ್ ಮೂಲೆ ಸೇರುತ್ತದೆ, ಮೆಷಿನ್ ಓಡುತ್ತಿರುತ್ತದೆ.

ಪ್ರತಿ ಮೆಷಿನ್ ಹೊರಡುವ ಮುಂಚೆ ಅರ್ಥಿಂಗ್ ಕಂಟಿನ್ಯೂಟಿ, ಅಂದರೆ ಅರ್ಥ್ ತಂತಿ ಎಲ್ಲೂ ಕಡಿಯದೆ ಮೆಷಿನ್ ಬಾಡಿಗೆ ಸೇರಿದೆಯಾ ಅಂತ, ನೋಡಿ. 500 ವೋಲ್ಟ್ ಮೆಗ್ಗರ್ ಹಿಡಿದು ಇನ್ಸುಲೇಶನ್ ಅಳೆಯಿರಿ. ರೀಡಿಂಗ್ ಸಾಮಾನ್ಯವಾಗಿ 1 ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಮಳೆಗಾಲದಲ್ಲಿ ಹೀಟರ್ ಕಾಯಿಲ್ ತೇವ ಎಳೆದುಕೊಂಡು ರೀಡಿಂಗ್ ಕೆಳಗಿಳಿಯುತ್ತದೆ. ಸ್ವಲ್ಪ ಹೊತ್ತು ಬಿಸಿ ಮಾಡಿ ಒಣಗಿಸಿ ಮತ್ತೆ ಅಳೆದು, ಸೀರಿಯಲ್ ನಂಬರ್ ಜೊತೆ ಬರೆದಿಡಿ.

ಡ್ರಾಯಿಂಗ್, ವೈರಿಂಗ್ ಚಿತ್ರ, ಅಪಾಯದ ಅಂದಾಜು, ಟೆಸ್ಟ್ ರಿಪೋರ್ಟ್, ಬಿಡಿಭಾಗಗಳ ಕಾಗದಪತ್ರ, ಬೀಜಕ್ಕೆ ತಾಗುವ ಲೋಹದ ವಿವರ, ಇವೆಲ್ಲ ಸೇರಿದರೆ ಟೆಕ್ನಿಕಲ್ ಫೈಲ್. ಆ ಮಾಡೆಲ್‌ನ ಕೊನೆಯ ಮೆಷಿನ್ ಮಾಡಿದ ಮೇಲೆ ಕನಿಷ್ಠ 10 ವರ್ಷ ಅದನ್ನು ಇಟ್ಟುಕೊಂಡಿರಬೇಕು. ಆಮೇಲೆ ಘೋಷಣಾ ಪತ್ರಕ್ಕೆ ಸಹಿ. ಈ ಫೈಲ್ ಒದಗಿಸಲು ಅಧಿಕಾರ ಇರುವ, ಯುರೋಪಿನಲ್ಲೇ ಇರುವ ಒಬ್ಬರ ಹೆಸರು ವಿಳಾಸ ಅದರಲ್ಲಿ ಬೇಕು. ನಿಮ್ಮ ಖರೀದಿದಾರರನ್ನೇ ಕೇಳಿ ನೋಡಿ. 2021ರ ಜುಲೈ 16ರಿಂದ ಹೇಗೂ ಇಂಥ ಸರಕಿಗೆ ಅಲ್ಲಿ ಉತ್ತರ ಕೊಡುವವರೊಬ್ಬರು ಇರಲೇಬೇಕು. ಆಮದು ಮಾಡಿಕೊಳ್ಳುವವರು ಆ ಜಾಗದಲ್ಲಿ ನಿಲ್ಲಬಹುದು. ಅವರಿದ್ದಾರೆ ಅಂತ ನಿಮ್ಮ ಹೊಣೆ ಇಳಿಯುವುದಿಲ್ಲ.

ನೇಮ್‌ಪ್ಲೇಟ್ ಮೇಲೆ ನಿಮ್ಮ ಸಂಸ್ಥೆಯ ಹೆಸರು, ಪೂರ್ತಿ ವಿಳಾಸ, ಯಂತ್ರದ ಹೆಸರು, ಮಾಡೆಲ್, ಸೀರಿಯಲ್ ನಂಬರ್, ತಯಾರಿಸಿದ ವರ್ಷ ಮತ್ತು ಸಿಇ ಇರಬೇಕು. ವರ್ಷವನ್ನು ಹಿಂದೆ ಮುಂದೆ ಮಾಡುವಂತಿಲ್ಲ. ಸಿಇ ಅಕ್ಷರದ ಎತ್ತರ 5 ಮಿಲಿಮೀಟರ್‌ಗಿಂತ ಕಡಿಮೆ ಆಗಬಾರದು. ಅಕ್ಷರದ ಆಕಾರಕ್ಕೂ ಅಳತೆ ಗೊತ್ತುಮಾಡಿದ್ದಾರೆ, ನಿಮ್ಮ ಪೇಂಟರ್ ಕೈಯಲ್ಲಿ ಬರೆಸಬೇಡಿ. ‘ಚೀನಾ ಎಕ್ಸ್‌ಪೋರ್ಟ್’ ಅನ್ನುವ ಇನ್ನೊಂದು ಸಿಇ ಇದೆ ಅಂತ ವಾಟ್ಸ್ಯಾಪ್‌ನಲ್ಲಿ ಬರುವುದು ಬರೀ ಕತೆ. ಬಳಕೆಯ ಸೂಚನೆ ಜರ್ಮನ್ ಭಾಷೆಯಲ್ಲಿ ಬೇಕು, ಜೊತೆಗೆ ನೀವು ಬರೆದ ಇಂಗ್ಲಿಷ್ ಮೂಲವೂ ಹೋಗಬೇಕು.

ಒಂದು ತಾರೀಖು ಮಾತ್ರ ಗಮನದಲ್ಲಿರಲಿ. 2027ರ ಜನವರಿ 20ರಿಂದ ಹಳೆಯ ನಿರ್ದೇಶನದ ಜಾಗಕ್ಕೆ ಹೊಸ ಯಂತ್ರ ಕಾಯ್ದೆ 2023/1230 ಬರುತ್ತದೆ. ನೀವು ಯಾವತ್ತು ಲೋಡ್ ಮಾಡಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಅಲ್ಲಿನ ಮಾರುಕಟ್ಟೆಗೆ ಯಾವತ್ತು ಬಂತು ಅನ್ನುವುದೇ ಲೆಕ್ಕ. ಅದರ ಹಿಂದಿನ ಡಿಸೆಂಬರ್‌ನಲ್ಲಿ ಹಡಗು ಹತ್ತಿಸಿದ ಮೆಷಿನ್ ಆ ತಾರೀಖು ದಾಟಿ ತಲುಪಿದರೆ ಘೋಷಣಾ ಪತ್ರ ಹೊಸ ಕಾಯ್ದೆಯದ್ದೇ ಆಗಿರಬೇಕು.

ಪ್ರಶ್ನೆ: ನಾವು ಹಾಸನದವರು. ಕೊಯಮತ್ತೂರಿನಿಂದ ಗ್ರೈಂಡರ್ ತರಿಸಿ ನಮ್ಮ ಬ್ರ್ಯಾಂಡ್ ಹೆಸರು ಹಾಕಿ ಯುರೋಪಿಗೆ ಕಳಿಸುತ್ತೇವೆ. ತಯಾರಿಸಿದವರು ಅವರು. ಏನಾದರೂ ಆದರೆ ಜವಾಬ್ದಾರಿ ಅವರದ್ದೇ ಅಲ್ವಾ?

ಉತ್ತರ: ಅಲ್ಲ, ನಿಮ್ಮದು. ಯಾರ ಹೆಸರಲ್ಲಿ ಮೆಷಿನ್ ಮಾರಾಟವಾಗುತ್ತದೋ ಕಾನೂನಿನ ಕಣ್ಣಿಗೆ ಅವರೇ ತಯಾರಕರು. ವೆಲ್ಡಿಂಗ್ ಯಾರು ಮಾಡಿದರು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಟೆಕ್ನಿಕಲ್ ಫೈಲ್ ನಿಮ್ಮ ಕೈಗೆ ಬರುವಂತೆ ಅವರ ಜೊತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಕೇಳದೆ ಯಾವ ಬಿಡಿಭಾಗವನ್ನೂ ಬದಲಿಸಬಾರದು ಅಂತಲೂ ಸೇರಿಸಿ. ಅವರು ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಸ್ವಿಚ್ ಹಾಕಿಬಿಟ್ಟರೆ, ಸುಳ್ಳಾಗುವುದು ನೀವು ಸಹಿ ಹಾಕಿದ ಪತ್ರ.

ಪ್ರಶ್ನೆ: ಸಿಇ ಮಾಡಿಸಿದ ಮೆಷಿನ್‌ನ್ನೇ ಅಮೆರಿಕ, ಇಂಗ್ಲೆಂಡ್, ದುಬೈಗೂ ಕಳಿಸಬಹುದಾ? — ಸಕಲೇಶಪುರದ ಓದುಗರು

ಉತ್ತರ: ಇಂಗ್ಲೆಂಡಿಗೆ ಇಂಥ ಯಂತ್ರದ ಮಟ್ಟಿಗೆ ಆಗುತ್ತದೆ. ಅವರದ್ದೇ ಯುಕೆಸಿಎ ಗುರುತು ಇದ್ದರೂ ಸಿಇಯನ್ನು ಒಪ್ಪುತ್ತಾರೆ. ಕೊಲ್ಲಿ ದೇಶಗಳಲ್ಲಿ ಕೆಲವು ಎಲೆಕ್ಟ್ರಿಕ್ ಸಾಮಾನುಗಳಿಗೆ ಅಲ್ಲಿನದೇ ಸುರಕ್ಷತಾ ಗುರುತಾದ ಜಿ ಮಾರ್ಕ್ ಬೇಕು. ನಿಮ್ಮದು ಆ ಪಟ್ಟಿಯಲ್ಲಿದೆಯಾ ಅಂತ ಆರ್ಡರ್ ಒಪ್ಪುವ ಮುಂಚೆ ಖರೀದಿದಾರರಿಂದ ಬರಹದಲ್ಲಿ ತರಿಸಿಕೊಳ್ಳಿ. ಅಮೆರಿಕದಲ್ಲಿ ಸಿಇಗೆ ಬೆಲೆಯಿಲ್ಲ. ಅಲ್ಲಿ ಯುಎಲ್‌ನಂಥ ಮಾನ್ಯತೆ ಪಡೆದ ಲ್ಯಾಬ್‌ನ ಗುರುತು ಕೇಳುತ್ತಾರೆ. ಜೊತೆಗೆ ಅಲ್ಲಿನ ಕರೆಂಟ್ 60 ಹರ್ಟ್ಜ್. ಇಲ್ಲಿನ 50 ಹರ್ಟ್ಜ್ ಇಂಡಕ್ಷನ್ ಮೋಟಾರನ್ನು ಹಾಗೇ ಹಾಕಿದರೆ ಸುಮಾರು 20 ಪರ್ಸೆಂಟ್ ಜಾಸ್ತಿ ವೇಗದಲ್ಲಿ ತಿರುಗುತ್ತದೆ. ಪುಲ್ಲಿ ಅಥವಾ ಗೇರ್ ಬದಲಿಸಬೇಕು. ವೇಗ ಬದಲಾದ ಮೇಲೆ ಅಪಾಯದ ಅಂದಾಜನ್ನೂ ಹೊಸದಾಗಿ ಬರೆಯಬೇಕು.