ಸಾಂದ್ರತೆ ಏರಿತ್ತು, ಆದರೂ ಮೂಳೆ ಮುರಿಯಿತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಹುಟ್ಟಿನಿಂದಲೇ ಮೂಳೆ ಸುಲಭವಾಗಿ ಮುರಿಯುವ ಕಾಯಿಲೆ ಇರುವ ಹತ್ತು ವರ್ಷದ ಹುಡುಗಿ. ಆರು ತಿಂಗಳಿಗೊಮ್ಮೆ ಮೂಳೆ ಸಾಂದ್ರತೆ ಹೆಚ್ಚಿಸುವ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ನಡೆಯುತ್ತಿತ್ತು. ಡೆಕ್ಸಾ ಸ್ಕ್ಯಾನಿನಲ್ಲಿ ಮೂಳೆ ಸಾಂದ್ರತೆ ಚೆನ್ನಾಗಿ ಏರಿದೆ ಎಂದು ಡಾಕ್ಟರು ಹೇಳಿದ ಕೆಲವೇ ವಾರಗಳಲ್ಲಿ, ಮಂಚದಿಂದ ಇಳಿಯುವಾಗ ತೊಡೆಮೂಳೆ ಮುರಿಯಿತು. ‘ಇನ್ನು ಈ ಔಷಧಿ ಸಾಕು’ ಎಂದರು ತಂದೆ. ‘ಇನ್ನೂ ಬೇಗ ಬೇಗ ಕೊಡಿಸಬೇಕು’ ಎಂದರು ತಾಯಿ. ಜಗಳ ಆಪ್ತಸಲಹೆಯ ನನ್ನ ಕೋಣೆಯವರೆಗೂ ಬಂತು.

ಇಬ್ಬರದೂ ಒಂದೇ ನಂಬಿಕೆ: ಸಾಂದ್ರತೆ ಏರಿದರೆ ಮೂಳೆ ಮುರಿಯಬಾರದು. ಅಲ್ಲಿಂದಲೇ ಶುರುಮಾಡಿದೆ. ಈ ಕಾಯಿಲೆ ಇರುವ ಬಹುಪಾಲು ಜನರಲ್ಲಿ ದೋಷ ಇರುವುದು ಮೂಳೆಗೆ ಹಂದರವಾಗುವ ಕೊಲಾಜೆನ್ನಿನ ಜೀನ್‌ಗಳಲ್ಲಿ. ಜೊಲೆಡ್ರೋನಿಕ್ ಆಸಿಡ್ ಸೇರಿದ ಬಿಸ್ಫಾಸ್ಫೊನೇಟ್ ಗುಂಪಿನ ಔಷಧಿ ಹಳೆಯ ಮೂಳೆಯನ್ನು ಕರಗಿಸುವ ಕೋಶಗಳನ್ನು ತಡೆಯುತ್ತದೆ, ಅಷ್ಟೇ. ಗೋಡೆ ದಪ್ಪವಾಗುತ್ತದೆ, ಗಾರೆ ಮಾತ್ರ ಹಳೆಯದೇ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2016ರ ಕಾಕ್ರೇನ್ ವಿಮರ್ಶೆ ಹೇಳಿದ್ದೂ ಇದನ್ನೇ: ಸಾಂದ್ರತೆ ಏರುವುದು ಸ್ಪಷ್ಟ, ಮುರಿತ ಕಡಿಮೆಯಾಗುತ್ತದೆಯೇ ಎಂಬುದು ಅಷ್ಟು ಸ್ಪಷ್ಟವಲ್ಲ. ತಂದೆಗೆ ಸಿಟ್ಟು ಬಂತು. ‘ಇದನ್ನು ಮೊದಲೇ ಯಾಕೆ ಯಾರೂ ಹೇಳಲಿಲ್ಲ?’ ಅವರ ಸಿಟ್ಟು ನ್ಯಾಯವಾದದ್ದೇ.

ಹುಡುಗಿಯ ಜೊತೆ ಬೇರೆಯಾಗಿ ಮಾತಾಡಿದೆ. ಮುರಿಯುವ ಮೊದಲೇ ತೊಡೆ ನೋಯುತ್ತಿತ್ತಂತೆ. ‘ಹೇಳಿದ್ರೆ ಅಪ್ಪ ಅಮ್ಮ ಜಗಳ ಆಡ್ತಾರೆ’ ಎಂದು ಸುಮ್ಮನಿದ್ದಳು. ಶಾಲೆಯ ಆಟದ ಪೀರಿಯಡ್‌ನಲ್ಲಿ ಅವಳನ್ನು ಕೂರಿಸಿಯೇ ಇಡುತ್ತಿದ್ದರು. ನನ್ನ ಮಟ್ಟಿಗೆ ಪ್ರಕರಣದ ತಿರುಳು ಇಲ್ಲಿತ್ತು, ಔಷಧಿಯಲ್ಲಲ್ಲ.

ಔಷಧಿ ನಿಲ್ಲಿಸುವುದಾಗಲಿ ಅಂತರ ಕಡಿಮೆ ಮಾಡುವುದಾಗಲಿ ಮನೆಯಲ್ಲಿ ತೀರ್ಮಾನಿಸುವ ಸಂಗತಿಯಲ್ಲ, ನಾನೂ ತೀರ್ಮಾನಿಸಲಾರೆ ಎಂದೆ. ಈ ಔಷಧಿ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಡಾಕ್ಟರನ್ನು ಕಾಣುವವರೆಗೆ ಕಾಯುವುದರಿಂದ ನಷ್ಟವಿಲ್ಲ. ಅವರನ್ನು ಕೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆಸಿದೆ. ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿ ಪರೀಕ್ಷೆ ಡ್ರಿಪ್‌ಗೆ ಮೊದಲು ಆಗಿದೆಯೇ? ತೊಡೆಮೂಳೆ ಬಾಗಿದ್ದರೆ ಒಳಗೆ ರಾಡ್ ಹಾಕಬೇಕೇ? ಹಲ್ಲು ಕೀಳಿಸುವುದಿದ್ದರೆ ಯಾವಾಗ? ಫಿಸಿಯೋಥೆರಪಿ, ನೀರಿನಲ್ಲಿ ವ್ಯಾಯಾಮ ಎಂದಿನಿಂದ? ಸ್ನಾಯು ದುರ್ಬಲವಾದಷ್ಟೂ ಮೂಳೆಯೂ ಸೊರಗುತ್ತದೆ. ಕೂರಿಸಿಟ್ಟು ಕಾಪಾಡಿದ್ದರ ಬೆಲೆ ಅದು. (ಮೊದಲ ಡ್ರಿಪ್ ನಂತರ ಬಂದ ಜ್ವರದ ಬಗ್ಗೆ ತಾಯಿಗೆ ಇನ್ನೂ ಭಯವಿತ್ತು. ಅದು ಸಾಮಾನ್ಯ, ಮುಂದಿನ ಸಲಗಳಲ್ಲಿ ಅಷ್ಟಾಗಿ ಬರುವುದಿಲ್ಲ ಎಂದು ತಿಳಿಸಿದೆ.)

ಮನೆಗೆ ಕೊಟ್ಟ ಸಲಹೆ ಒಂದೇ: ಮಗು ನೋವು ಎಂದಾಗ ‘ಹೇಗಾಯ್ತು, ಯಾರು ನೋಡ್ತಿದ್ರು’ ಎಂಬ ವಿಚಾರಣೆ ಅವಳೆದುರು ಬೇಡ.

ತೊಡೆಮೂಳೆ ನಿಜಕ್ಕೂ ಬಾಗಿತ್ತು. ಅದನ್ನು ಕತ್ತರಿಸಿ ನೇರಮಾಡಿ ರಾಡ್ ಹಾಕುವ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಕತ್ತರಿಸಿದ ಮೂಳೆ ಕೂಡಿಕೊಳ್ಳುವುದು ತಡವಾಗದಿರಲೆಂದು ಡಾಕ್ಟರು ಮುಂದಿನ ಡ್ರಿಪ್ ಮುಂದೂಡಿದ್ದಾರೆ. ಅದಕ್ಕೆ ಇಬ್ಬರೂ ಒಪ್ಪಿದ್ದಾರೆ. ಆಟದ ಪೀರಿಯಡ್ ಬಗ್ಗೆ ತಾಯಿ ಇನ್ನೂ ಒಪ್ಪಿಲ್ಲ.