ನಕಲಿ ಬ್ಯಾಗ್ ಮಾರುವ ಮೂವರು ಗೆಳತಿಯರ ಕಾದಂಬರಿ ಬರೆಯುತ್ತಿದ್ದೇನೆ, ಓದುಗರು ನಂಬುವ ಹಾಗೆ ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಮೂವರು ಗೆಳತಿಯರು ದುಬಾರಿ ಬ್ರ್ಯಾಂಡುಗಳ ನಕಲಿ ಬ್ಯಾಗ್ ಮಾರುತ್ತಾರೆ. ಓದುಗರು ಪೊಲೀಸರ ಕಡೆ ವಾಲದೆ ಇವರ ಕಡೆಗೇ ನಿಲ್ಲಬೇಕು. ಕೊನೆಗೆ ಇವರು ಸಿಕ್ಕಿಬೀಳುವುದು ಬಲವಂತಕ್ಕೆ ಮಾಡಿದ ಹಾಗೆ ಕಾಣಬಾರದು. ಇಷ್ಟನ್ನು ಕೇಳಿದ್ದೀರಿ. ಸೆಕೆಂಡ್ ಹ್ಯಾಂಡ್ ಬ್ಯಾಗ್ ಮಾರಾಟಕ್ಕೆ ಬಂದಾಗ ಅಸಲಿಯೋ ನಕಲಿಯೋ ಅಂತ ನೋಡಿ ಹೇಳುವುದು ನನ್ನ ಕೆಲಸ. ಕಳ್ಳತನದ ಕಾದಂಬರಿ ಕಂಡರೆ ಬಿಡುವವಳೂ ಅಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮ್ಮ ಕಥೆಯಲ್ಲಿ ಮೋಸ ಹೋಗುವುದು ಯಾರು? ನೀವು ಬರೆದು ಕಳಿಸಿದ ಸಾರಾಂಶದಲ್ಲಿ ಇದೇ ಸ್ಪಷ್ಟವಿಲ್ಲ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಕೊಳ್ಳುವವರಿಗೆ ಅದು ಡೂಪ್ಲಿಕೇಟ್ ಅಂತ ಗೊತ್ತಿದ್ದರೆ ಅದೊಂದು ವ್ಯಾಪಾರ ಅಷ್ಟೇ. ನ್ಯೂಯಾರ್ಕಿನ ಕೆನಾಲ್ ಸ್ಟ್ರೀಟಿನಲ್ಲಿ ಬಹಳ ಕಾಲದಿಂದ ನಡೆದು ಬಂದಿರುವುದು ಇದೇ. ಅಲ್ಲಿ ಕೊಳ್ಳುವವರಿಗೂ ಗೊತ್ತು, ಮಾರುವವರಿಗೂ ಗೊತ್ತು. ಕಥೆಯಲ್ಲಿ ನಗು ಇರುತ್ತದೆ, ಆದರೆ ಎದೆ ಡವಡವ ಅನ್ನುವುದಿಲ್ಲ. ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ ಕಷ್ಟ ಬೇರೆ. ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಒಂದೇ ಒಂದು ಬ್ಯಾಗ್ ಕೊಂಡ ಹೆಂಗಸಿಗೆ ನಿಮ್ಮ ಮೂವರು ಟೋಪಿ ಹಾಕಿದರು ಅಂದುಕೊಳ್ಳಿ. ಆಮೇಲೆ ಅವರು ಎಷ್ಟು ಚುರುಕಾಗಿದ್ದರೂ ಓದುಗರಿಗೆ ಇಷ್ಟವಾಗುವುದಿಲ್ಲ. ಅಂಥ ಬ್ಯಾಗ್ ಹಿಡಿದು ಬಂದವರ ಮುಖ ನಾನು ನೋಡಿದ್ದೇನೆ. ಅದರಲ್ಲಿ ತಮಾಷೆ ಏನೂ ಇಲ್ಲ.

ನಿಮಗೆ ಸರಿಹೊಂದುವುದು ಮೂರನೇ ದಾರಿ. ಮೋಸ ಹೋಗುವುದು ಅಂಗಡಿ. ಅಸಲಿ ಬ್ಯಾಗ್ ಕೊಳ್ಳುವುದು, ನಾಲ್ಕು ದಿನ ಬಿಟ್ಟು ಅದೇ ಬಿಲ್ ಹಿಡಿದು ಅದರಂಥದ್ದೇ ನಕಲಿಯನ್ನು ವಾಪಸ್ ಕೊಟ್ಟು ಹಣ ತೆಗೆದುಕೊಳ್ಳುವುದು, ಕೈಯಲ್ಲಿ ಉಳಿದ ಅಸಲಿಯನ್ನು ಆನ್‌ಲೈನಿನಲ್ಲಿ ಮಾರುವುದು. ಇದು ಕಟ್ಟುಕಥೆ ಅಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಒಬ್ಬ ಮಹಿಳೆ ಹೀಗೆಯೇ ಹಲವು ರಾಜ್ಯಗಳ ಅಂಗಡಿಗಳಿಗೆ ಚಳ್ಳೆಹಣ್ಣು ತಿನ್ನಿಸಿದ್ದಳು. 2016ರಲ್ಲಿ ಅವಳಿಗೆ 30 ತಿಂಗಳ ಜೈಲಾಯಿತು. ಈ ಉಪಾಯದಲ್ಲಿ ಆನ್‌ಲೈನ್ ಗಿರಾಕಿಗೆ ಸಿಗುವುದು ನಿಜವಾದ ಬ್ಯಾಗೇ. ನಷ್ಟ ಅಂಗಡಿಗೆ. ಓದುಗರ ಮನಸ್ಸು ಅಷ್ಟು ನೋಯುವುದಿಲ್ಲ.

ಆದರೆ ಒಂದು ಎಳೆ ಬಿಡಬೇಡಿ. ವಾಪಸ್ ಬಂದ ನಕಲಿ ಮತ್ತೆ ಅಂಗಡಿಯ ಶೆಲ್ಫಿಗೆ ಹೋಗುತ್ತದೆ, ಅಲ್ವಾ? ಪೂರ್ತಿ ಬೆಲೆ ಕೊಟ್ಟು ಯಾರೋ ಅದನ್ನು ಕೊಳ್ಳುತ್ತಾರೆ. ನಿಮ್ಮ ಮೂವರಲ್ಲಿ ಒಬ್ಬಳಿಗಾದರೂ ಇದು ಹೊಳೆಯಬೇಕು. ಹೊಳೆದ ದಿನದಿಂದ ಅವಳು ಬೇರೆಯವಳಾಗಬೇಕು. ಕಾದಂಬರಿಯ ನಡುಭಾಗಕ್ಕೆ ನೀವು ಹುಡುಕುತ್ತಿರುವ ಬಿರುಕು ಇಲ್ಲೇ ಇದೆ ಅನ್ನುವುದು ನನ್ನ ನಂಬಿಕೆ.

ಇನ್ನು ಬ್ಯಾಗಿನ ವಿಷಯ. ಹೊಸಬರು ಬರೆದಾಗ ಪರಿಣತರು ಲೋಗೋ ನೋಡಿ ಥಟ್ ಅಂತ ಕಂಡುಹಿಡಿಯುತ್ತಾರೆ. ಈಗಿನ ಒಳ್ಳೆಯ ನಕಲಿಗಳಲ್ಲಿ, ಸೂಪರ್‌ಫೇಕ್ ಅನ್ನುತ್ತಾರಲ್ಲ ಅವುಗಳಲ್ಲಿ, ಲೋಗೋ ಸರಿಯಾಗಿಯೇ ಇರುತ್ತದೆ. ನಾವು ನೋಡುವುದು ಬೇರೆ. ಅಂಚಿಗೆ ಹಚ್ಚಿದ ಬಣ್ಣ ತೆಳುವಾಗಿ ಪದರ ಪದರವಾಗಿ ಕೂತಿದೆಯೋ, ಒಂದೇ ಸಲ ದಪ್ಪಗೆ ಬಳಿದಿದ್ದಾರೋ? ಜಿಪ್ ಎಳೆದಾಗ ಕೈಗೆ ಹೇಗೆ ಬರುತ್ತದೆ? ತೆರೆದ ಕೂಡಲೇ ಚರ್ಮದ ವಾಸನೆ ಬರುತ್ತದೋ ಅಂಟಿನದೋ? ಹರ್ಮೇಸ್ ಕಂಪನಿ ಬರ್ಕಿನ್ ಬ್ಯಾಗ್ ತಂದದ್ದು 1984ರಲ್ಲಿ. ಅದರ ಹೊಲಿಗೆ ಇವತ್ತಿಗೂ ಕೈಯಲ್ಲೇ. ಒಂದೇ ದಾರ, ಎರಡು ತುದಿಗೂ ಸೂಜಿ, ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ಹಾದುಹೋಗುತ್ತವೆ. ಒಂದು ಕಡೆ ದಾರ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಕೈಹೊಲಿಗೆ ಚೂರು ಓರೆಯಾಗಿರುತ್ತದೆ. ಮಷೀನಿನದು ನೆಟ್ಟಗೆ, ಎಲ್ಲಾ ಒಂದೇ ಸಮ. ಅಂದರೆ ಇಲ್ಲಿ ತೀರಾ ಅಚ್ಚುಕಟ್ಟಾಗಿರುವುದೇ ಅನುಮಾನಕ್ಕೆ ಕಾರಣ.

ನನಗೆ ತುಂಬಾ ಇಷ್ಟವಾದ ಗುರುತು ಇನ್ನೊಂದಿದೆ, ಬೇಕಾದರೆ ಬಳಸಿಕೊಳ್ಳಿ. ಲೂಯಿ ವಿಟಾನ್ ಕಂಪನಿಯ ಸ್ಪೀಡಿ ಅನ್ನುವ ಬ್ಯಾಗಿನಲ್ಲಿ ಹೂವು ಮತ್ತು ಎಲ್‌ವಿ ಅಕ್ಷರಗಳನ್ನು ಅಚ್ಚೊತ್ತಿದ ಕ್ಯಾನ್ವಾಸ್ ಒಂದೇ ತುಂಡು. ಮುಂದಿನಿಂದ ತಳದ ಕೆಳಗೆ ಹಾದು ಹಿಂದಕ್ಕೆ ಬರುತ್ತದೆ. ಹಾಗಾಗಿ ಮುಂದೆ ನೆಟ್ಟಗಿರುವ ಅಕ್ಷರಗಳು ಹಿಂದೆ ತಲೆಕೆಳಗಾಗಿರುತ್ತವೆ. ಅದೇ ಸರಿ. ಗೊತ್ತಿಲ್ಲದ ನಕಲಿ ತಯಾರಕ ಅದನ್ನು ತಪ್ಪು ಅಂದುಕೊಂಡು ಎರಡೂ ಕಡೆ ನೆಟ್ಟಗೆ ಮಾಡಿಬಿಡುತ್ತಾನೆ. ನಿಮ್ಮ ಮೂವರಲ್ಲಿ ಕಣ್ಣು ಚುರುಕಾದವಳು ಯಾರು ಅಂತ ಮೊದಲ ಅಧ್ಯಾಯದಲ್ಲೇ ತೋರಿಸಬೇಕಿದ್ದರೆ ಇಷ್ಟು ಸಾಕು. ಗೆಳತಿಯ ಬ್ಯಾಗನ್ನು ತಿರುಗಿಸಿ ಹಿಂಭಾಗ ನೋಡಲಿ, ಏನೂ ಹೇಳದೆ ವಾಪಸ್ ಕೊಡಲಿ. ಅಂದ ಹಾಗೆ, ಆ ಹೂವು ಮತ್ತು ಅಕ್ಷರಗಳ ವಿನ್ಯಾಸ ಬಂದದ್ದು 1896ರಲ್ಲಿ. ಆಗಲೇ ನಕಲಿಗಳ ಕಾಟ ಜಾಸ್ತಿಯಾಗಿತ್ತು, ಅದನ್ನು ತಡೆಯಲೆಂದೇ ಮಾಡಿದ್ದು. ಈಗ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ವಿನ್ಯಾಸಗಳಲ್ಲಿ ಅದೂ ಒಂದು.

ಸರಕು ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಜಾಸ್ತಿ ಪುಟ ಖರ್ಚು ಮಾಡಬೇಡಿ. ಚರ್ಮದ ಸಾಮಾನಿಗೆ ಚೀನಾದ ಗುವಾಂಗ್‌ಝೌ ಹೆಸರುವಾಸಿ, ಶೂಗಳಿಗೆ ಪುಟಿಯಾನ್. ಈಗ ದೊಡ್ಡ ಕಂಟೇನರಿಗಿಂತ ಸಣ್ಣ ಪಾರ್ಸೆಲ್‌ಗಳಲ್ಲೇ ಹೆಚ್ಚು ಸಿಕ್ಕಿಬೀಳುತ್ತಿವೆ. ಕೆಲವರು ಬ್ಯಾಗನ್ನು ಲೋಗೋ ಇಲ್ಲದೆ ತರಿಸಿ, ಲೋಹದ ಅಕ್ಷರಗಳನ್ನು ಬೇರೆ ಡಬ್ಬಿಯಲ್ಲಿ ತರಿಸಿ ಇಲ್ಲಿ ಜೋಡಿಸುತ್ತಾರೆ. ಊಟದ ಮೇಜಿನ ಮೇಲೆ ಮೂವರೂ ಕೂತು ಅಕ್ಷರ ಜೋಡಿಸುವ ದೃಶ್ಯ ನಿಮಗೇ ಬಿಟ್ಟದ್ದು. ದಂಧೆ ಎಷ್ಟು ದೊಡ್ಡದು ಅಂತ ಯಾವುದಾದರೂ ಪಾತ್ರ ಹೇಳಬೇಕಿದ್ದರೆ, ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಆರ್ಥಿಕ ಸಂಘಟನೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನ ನಕಲಿ ಸರಕಿನ ವಹಿವಾಟು ಸುಮಾರು 467 ಬಿಲಿಯನ್ ಡಾಲರ್. ಅದರಲ್ಲಿ ಬ್ಯಾಗ್ ಮಾತ್ರ ಅಲ್ಲ, ಎಲ್ಲಾ ಸೇರಿದೆ.

ಸಿಕ್ಕಿಬೀಳುವುದು ಹೇಗೆ ಅಂತ ಕೇಳಿದ್ದೀರಿ. ಕಾರಿನ ಚೇಸು, ರೇಡು, ಯಾವುದೂ ಬೇಡ. ನಕಲಿ ಸರಕು ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಕಟ್ಟಿದ ಕಥೆ ಕೈಕೊಡುತ್ತದೆ. ರೂಡಿ ಕುರ್ನಿಯಾವಾನ್ ಅನ್ನುವವನು ಹಳೆಯ ದುಬಾರಿ ವೈನ್ ಅಂತ ಹೇಳಿ ತಾನೇ ಬೆರೆಸಿದ್ದನ್ನು ಮಾರುತ್ತಿದ್ದ. ರುಚಿ ನೋಡಿದ ದೊಡ್ಡ ದೊಡ್ಡ ಸಂಗ್ರಾಹಕರೇ ತಲೆದೂಗಿದ್ದರು. 2008ರಲ್ಲಿ ನ್ಯೂಯಾರ್ಕಿನ ಒಂದು ಹರಾಜಿಗೆ ಫ್ರಾನ್ಸಿನ ಪಾನ್ಸೋ ಮನೆತನದ ಬಾಟಲಿಗಳನ್ನು ಕಳಿಸಿದ. ಕೆಲವದರ ಮೇಲೆ 1945ರಿಂದ 1971ರವರೆಗಿನ ಇಸವಿ. ಆ ಮನೆತನ ಆ ವೈನ್ ಮಾಡಲು ಶುರು ಮಾಡಿದ್ದೇ 1982ರಲ್ಲಿ! ಮನೆತನದ ಮಾಲೀಕ ಸ್ವತಃ ಹೋಗಿ ಆ ಬಾಟಲಿಗಳ ಹರಾಜು ತಡೆದ. ಮುಂದೆ ಎಫ್‌ಬಿಐನವರು ಮನೆ ಶೋಧಿಸಿದಾಗ ಲೇಬಲ್, ಬಿರಡೆ ಎಲ್ಲಾ ಸಿಕ್ಕವು. 2014ರಲ್ಲಿ 10 ವರ್ಷ ಜೈಲಾಯಿತು. ಅವನನ್ನು ಕೆಡವಿದ್ದು ಬಾಟಲಿಯ ಮೇಲೆ ಬರೆದ ಇಸವಿ.

ಬ್ಯಾಗಿಗೂ ಇದೇ ತರಹದ್ದು ಬೇಕಾದರೆ ಇದೆ. ಲೂಯಿ ವಿಟಾನ್ ಬ್ಯಾಗಿನೊಳಗೆ ಒಂದು ಕೋಡ್ ಇರುತ್ತಿತ್ತು. ಎರಡು ಅಕ್ಷರ, ನಾಲ್ಕು ಅಂಕಿ. 2007ರಿಂದ ಈಚೆಗೆ ಮೊದಲನೇ ಮತ್ತು ಮೂರನೇ ಅಂಕಿ ಸೇರಿದರೆ ವಾರ, ಎರಡನೇ ಮತ್ತು ನಾಲ್ಕನೇದು ಸೇರಿದರೆ ವರ್ಷ. ಈಗ 5178 ಅಂತ ಒತ್ತಿದ ಬ್ಯಾಗ್ ನೋಡಿ. 2018ನೇ ವರ್ಷದ 57ನೇ ವಾರ. ಅಂಥ ವಾರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. 2021ರಲ್ಲಿ ಕಂಪನಿ ಈ ಕೋಡ್ ಬಿಟ್ಟು ಒಳಗೆ ಚಿಪ್ ಇಡಲು ಶುರು ಮಾಡಿತು, ಆದ್ದರಿಂದ ಕಥೆ ಅದಕ್ಕಿಂತ ಮುಂಚೆ ನಡೆದರೆ ನಿಮಗೆ ಅನುಕೂಲ. ವಾಪಸಾತಿ ಕೌಂಟರಿನ ಹೊಸ ಹುಡುಗಿಯೊಬ್ಬಳು ಸುಮ್ನೆ ಬೇಸರ ಕಳೆಯಲು ಆ ಅಂಕಿಗಳನ್ನು ಓದುತ್ತಾ ಕೂರಲಿ. ಆ ಕ್ಷಣಕ್ಕೆ ನಿಮ್ಮ ನಾಯಕಿ ಎದುರಿಗೇ ನಿಂತಿರಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ಅವಳದಾಗಿದ್ದರೆ ಇನ್ನೂ ಒಳ್ಳೆಯದು.

ಶಿಕ್ಷೆಯೂ ಕಥೆಗೆ ಬೇಕಾಗುತ್ತದೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ನಕಲಿ ಸರಕು ಮಾರಿದ ಮೊದಲ ಅಪರಾಧಕ್ಕೇ 10 ವರ್ಷದವರೆಗೆ ಜೈಲು, 20 ಲಕ್ಷ ಡಾಲರ್‌ವರೆಗೆ ದಂಡ ಬೀಳಬಹುದು. ಇಟಲಿಯಲ್ಲಿ ಕೊಂಡವರಿಗೂ ದಂಡ ಬೀಳುತ್ತದೆ. ಕಥೆ ಎಲ್ಲಿ ನಡೆಯುತ್ತದೆ ಅನ್ನುವುದನ್ನು ಇದನ್ನು ನೋಡಿ ಆರಿಸಿ.

ಕೊನೆಗೆ ಗೆಳೆತನ. ಒಬ್ಬಳಿಗೆ ಕಣ್ಣು, ಒಬ್ಬಳಿಗೆ ಮಾತು, ಒಬ್ಬಳಿಗೆ ಲೆಕ್ಕ ಅಂತ ಹಂಚಿದ್ದೀರಿ, ಚೆನ್ನಾಗಿದೆ. ಆದರೆ ತಯಾರಕನ ನಿಜವಾದ ರೇಟು ಮೂವರಿಗೂ ಗೊತ್ತಿರಬಾರದು. ಲೆಕ್ಕದವಳಿಗೆ ಮಾತ್ರ ಗೊತ್ತಿರಲಿ. ಮಾತಿನವಳ ಹುಟ್ಟುಹಬ್ಬಕ್ಕೆ ಉಳಿದಿಬ್ಬರೂ ಹಣ ಹಾಕಿ, ಅಸಲಿ ಅಂತ ಹೇಳಿ ಲೆಕ್ಕದವಳು ತಂದ ಬ್ಯಾಗ್ ಕೊಡಲಿ. ಅದು ನಕಲಿ ಅಂತ ಕಣ್ಣಿನವಳಿಗೆ ಗೊತ್ತಾಗಲಿ, ತನ್ನ ಪಾಲಿನ ಹಣ ಎಲ್ಲಿ ಹೋಯಿತು ಅಂತಲೂ ಗೊತ್ತಾಗಲಿ. ಅವಳು ಬಾಯಿ ಬಿಡುತ್ತಾಳೋ ಇಲ್ಲವೋ ಅನ್ನುವುದರ ಮೇಲೆ ನೂರು ಪುಟ ಓಡಿಸಬಹುದು. ಒಂದೇ ಬೇಡಿಕೆ: ‘ನಮ್ಮ ಗೆಳೆತನವೂ ನಕಲಿ’ ಅನ್ನುವ ಸಾಲನ್ನು ಯಾರ ಬಾಯಲ್ಲೂ ಹೇಳಿಸಬೇಡಿ. ಆ ಬ್ಯಾಗ್ ಅದನ್ನು ಆಗಲೇ ಹೇಳಿರುತ್ತದೆ.

ಎಲ್ಲಕ್ಕಿಂತ ಮೊದಲು ಆ ಕೌಂಟರಿನ ದೃಶ್ಯ ಬರೆಯಿರಿ, ಉಳಿದದ್ದು ಅದರಿಂದ ಬೆಳೆಯುತ್ತದೆ. ಬರೆದ ಮೇಲೆ ಇಲ್ಲಿ ಹಾಕಿ. ಹೊಲಿಗೆ, ಕೋಡ್, ಜಿಪ್, ಏನಾದರೂ ಎಡವಟ್ಟಾಗಿದ್ದರೆ ನೋಡಿ ಹೇಳುತ್ತೇನೆ.